ನೆಲ್ಲಿಕಾಯಿ ಒಸಡಿಗೆ, ಲಿಂಬೆ ಹೋಳು ಹಲ್ಲಿಗೆ ಬೇಡ: ಆಂಟಿಆಕ್ಸಿಡೆಂಟ್ ಬಳಸುವ ಕ್ರಮ

ಲಿಂಬೆ ಹೋಳಿಗೆ ಉಪ್ಪು ಸವರಿ ಹಲ್ಲು ಉಜ್ಜುವ ಅಭ್ಯಾಸ ನಿಮಗೆ ಉಂಟಾದರೆ ಮೊದಲು ಅದನ್ನು ಬಿಡಿ. ಉಳಿದದ್ದು ಆಮೇಲೆ ಮಾತಾಡುವ.

ಉಡುಪಿಯ ನನ್ನ ಸಣ್ಣ ಕ್ಲಿನಿಕ್ಕಿಗೆ ಬರುವವರಲ್ಲಿ ಎರಡು ಪಂಗಡ ಉಂಟು. ಆಂಟಿಆಕ್ಸಿಡೆಂಟ್ ಎಂಬ ಶಬ್ದವನ್ನು ಮೊಬೈಲಿನಲ್ಲಿ ಓದಿ, ಮೆಡಿಕಲ್‌ನಿಂದ ವಿಟಮಿನ್ ಸಿ ಮಾತ್ರೆ ತಂದು ಚೀಪಲು ಶುರು ಮಾಡಿದವರು ಒಂದು ಕಡೆ. ಒಸಡಿನಲ್ಲಿ ರಕ್ತ ಬಂದರೂ "ಅದು ಉಷ್ಣಕ್ಕೆ ಡಾಕ್ಟ್ರೇ" ಎಂದು ವರ್ಷಗಟ್ಟಲೆ ಸುಮ್ಮನಿದ್ದವರು ಇನ್ನೊಂದು ಕಡೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಆಂಟಿಆಕ್ಸಿಡೆಂಟ್ ಬೇಕಾದದ್ದು ಒಸಡಿಗೆ. ಅದು ಊಟದಿಂದ ರಕ್ತಕ್ಕೆ ಹೋಗಿ, ಅಲ್ಲಿಂದ ಒಸಡಿಗೆ ಬರಬೇಕು. ಹಲ್ಲಿನ ಮೇಲೆ ನೇರ ತಿಕ್ಕಿದರೆ ಸಿಗುವುದು ಬರೀ ಹುಳಿ, ಅದರಿಂದ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕರಗುತ್ತದೆ ಅಷ್ಟೆ.

ಒಸಡಿನೊಳಗೆ ನಡೆಯುವುದು ಏನು

ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲಿ ಬಿಳಿ ಲೋಳೆಯಂಥ ಪದರ ಕೂರುತ್ತದೆ, ನಾವು ಅದನ್ನು ಪ್ಲಾಕ್ ಅನ್ನುತ್ತೇವೆ. ಅದರಲ್ಲಿ ಇರುವುದು ಬಹುಪಾಲು ಬ್ಯಾಕ್ಟೀರಿಯಾ. ಅವನ್ನು ಕೊಲ್ಲಲು ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಬರುತ್ತವೆ. ಅವು ಬಳಸುವ ಆಯುಧಗಳು ಹೈಡ್ರೋಜನ್ ಪೆರಾಕ್ಸೈಡ್, ಸೂಪರಾಕ್ಸೈಡ್ ಮತ್ತು ಹೈಪೋಕ್ಲೋರಸ್ ಆಮ್ಲ. ಈ ಕೊನೆಯದು ಬೇರೆ ಯಾವುದೂ ಅಲ್ಲ, ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕ್ರಿಮಿ ಕೊಲ್ಲುವುದೂ ಇದೇ ಆಮ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಸರಿ. ಆದರೆ ಈ ಜಗಳ ತಿಂಗಳುಗಟ್ಟಲೆ ಎಳೆದರೆ ನಮ್ಮದೇ ಒಸಡಿನ ನಾರು, ಹಲ್ಲು ಕೂತ ಎಲುಬು ಕೂಡ ಪೆಟ್ಟು ತಿನ್ನುತ್ತದೆ. ಹಲ್ಲು ಅಲ್ಲಾಡುವುದು ಹಾಗೆ.

ಆ ಪೆಟ್ಟನ್ನು ತಡೆಯುವ ವಸ್ತುಗಳೇ ಆಂಟಿಆಕ್ಸಿಡೆಂಟ್. ಒಸಡಿನ ಸಂದಿಯಿಂದ ಒಸರುವ ದ್ರವದಲ್ಲಿ ಗ್ಲುಟಾಥಯೋನ್ ಇರುತ್ತದೆ. ಎಂಜಲಿನಲ್ಲಿರುವ ಆಂಟಿಆಕ್ಸಿಡೆಂಟ್‌ನಲ್ಲಿ ಹೆಚ್ಚಿನ ಪಾಲು ಯೂರಿಕ್ ಆಮ್ಲದ್ದು. ಗಂಟುನೋವಿನ ವಿಷಯದಲ್ಲಿ ಕೆಟ್ಟ ಹೆಸರು ಪಡೆದ ಯೂರಿಕ್ ಆಮ್ಲ ಬಾಯಲ್ಲಿ ಕಾವಲುಗಾರ. ವಿಟಮಿನ್ ಸಿಗೆ ಎರಡು ಕೆಲಸ. ಒಂದು ಈ ಕಾವಲು, ಇನ್ನೊಂದು ಒಸಡಿನ ಕೊಲಾಜೆನ್ ನಾರನ್ನು ಗಟ್ಟಿಯಾಗಿ ಹೆಣೆಯುವುದು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುವ ನಾವಿಕರ ಒಸಡು ಬಾತು, ರಕ್ತ ಸೋರಿ, ಹಲ್ಲು ಉದುರುತ್ತಿದ್ದದ್ದು ಇದೇ ಕೊರತೆಯಿಂದ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಡಾಕ್ಟರ್ ಜೇಮ್ಸ್ ಲಿಂಡ್ ಕಿತ್ತಳೆ, ಲಿಂಬೆ ತಿನ್ನಿಸಿ ಅವರಲ್ಲಿ ಕೆಲವರನ್ನು ಗುಣಪಡಿಸಿದರು. ತಿನ್ನಿಸಿದ್ದು ಎಂಬುದನ್ನು ಗಮನಿಸಿ, ಉಜ್ಜಿದ್ದಲ್ಲ.

ಹಲ್ಲು ಹುಳುಕಿನ ವಿಷಯ ಬೇರೆ. ಅದು ಸಕ್ಕರೆ, ಅದರಿಂದ ಬ್ಯಾಕ್ಟೀರಿಯಾ ಮಾಡುವ ಆಮ್ಲ, ಫ್ಲೋರೈಡ್, ಇವುಗಳ ಲೆಕ್ಕಾಚಾರ. ಎಷ್ಟು ನೆಲ್ಲಿಕಾಯಿ ತಿಂದರೂ ಹುಳುಕು ಮುಚ್ಚುವುದಿಲ್ಲ.

ಮೊದಲು ಕ್ಲೀನಿಂಗ್

ಪ್ಲಾಕ್ ಹಾಗೇ ಬಿಟ್ಟು ಆಂಟಿಆಕ್ಸಿಡೆಂಟ್ ಹುಡುಕುವುದು, ಮಾಡು ಸೋರುವಾಗ ಹಂಚು ಸರಿ ಮಾಡದೆ ನೆಲ ಒರೆಸುತ್ತ ಕೂತ ಹಾಗೆ. ಆದ್ದರಿಂದ ಅಡುಗೆಮನೆಗೆ ಹೋಗುವ ಮೊದಲು ಬಚ್ಚಲಿನ ಕೆಲಸ ಮುಗಿಸಿ. ಮೆತ್ತಗಿನ ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಇಟ್ಟು, ಒತ್ತದೆ, ಎರಡು ನಿಮಿಷ. ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಅಥವಾ ಅದಕ್ಕಿಂತ ಮೇಲೆ ಇರಲಿ. ಕೊಳವೆಯ ಹಿಂದೆ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ. ಉಗಿದ ಮೇಲೆ ಚೊಂಬುಗಟ್ಟಲೆ ನೀರಿನಿಂದ ಬಾಯಿ ಮುಕ್ಕಳಿಸಬೇಡಿ, ಫ್ಲೋರೈಡ್ ಪೂರ್ತಿ ತೊಳೆದುಹೋಗುತ್ತದೆ. ರಾತ್ರಿ ಒಮ್ಮೆ ಸಂದಿಗೆ ಫ್ಲಾಸ್ ದಾರ, ಸಂದಿ ದೊಡ್ಡದಿದ್ದರೆ ಸಂದಿಗೆಂದೇ ಸಿಗುವ ಸಣ್ಣ ಬ್ರಶ್.

ಶುರು ಮಾಡಿದ ಮೊದಲ ದಿನಗಳಲ್ಲಿ ರಕ್ತ ಬರಬಹುದು. ಹೆದರಿ ಬಿಡಬೇಡಿ. ಬರೀ ಒಸಡಿನ ಉರಿಯೂತವಾಗಿದ್ದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಗಲಿಲ್ಲವಾದರೆ ಒಳಗೆ ಕಲ್ಲು ಕಟ್ಟಿದೆ ಎಂದು ಲೆಕ್ಕ, ಅದನ್ನು ಬ್ರಶ್ಶೂ ತೆಗೆಯುವುದಿಲ್ಲ, ಪುನರ್ಪುಳಿಯೂ ತೆಗೆಯುವುದಿಲ್ಲ. ಸ್ಕೇಲಿಂಗ್, ಅಂದರೆ ಡಾಕ್ಟರ ಹತ್ತಿರ ಆ ಕಲ್ಲು ತೆಗೆಸುವ ಕ್ಲೀನಿಂಗ್, ಆಗಬೇಕು. "ಕ್ಲೀನಿಂಗ್ ಮಾಡಿದ್ರೆ ಹಲ್ಲು ಸಡಿಲ ಆಗ್ತದಂತೆ ಅಲ್ವಾ?" ಎಂದು ಕೇಳದವರೇ ಇಲ್ಲ. ಕಲ್ಲು ಹಲ್ಲುಗಳ ನಡುವೆ ಸಿಮೆಂಟಿನಂತೆ ತುಂಬಿರುತ್ತದೆ, ತೆಗೆದಾಗ ಸಂದಿ ಕಾಣುತ್ತದೆ, ಮೊದಲೇ ಆಗಿದ್ದ ಸಡಿಲ ಗೊತ್ತಾಗುತ್ತದೆ. ಕ್ಲೀನಿಂಗ್‌ನಿಂದ ಸಡಿಲವಾದದ್ದಲ್ಲ.

ಬೀಡಿ ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ. ಹೊಗೆಯಿಂದ ಒಸಡಿನ ರಕ್ತಸಂಚಾರ ಕುಂದುತ್ತದೆ, ಹಾಗಾಗಿ ರೋಗ ಇದ್ದರೂ ರಕ್ತ ಬರದೇ ಇರಬಹುದು. ನಿಮ್ಮ ಒಸಡು ಸುಮ್ಮನಿದೆ ಎಂದರೆ ಚೆನ್ನಾಗಿದೆ ಎಂದು ತಿಳಿಯಬೇಡಿ.

ನಮ್ಮೂರಿನ ಊಟದಲ್ಲಿ ಏನೆಲ್ಲ ಉಂಟು

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕರಾವಳಿಯವರು ಆಂಟಿಆಕ್ಸಿಡೆಂಟಿಗೆ ದುಡ್ಡು ಕೊಡುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಹಿತ್ತಿಲಲ್ಲಿ ಪೇರಳೆ ಉದುರಿ ಕೊಳೆಯುತ್ತಿರುತ್ತದೆ, ಮನೆಯವರು ಪೇಟೆಯಿಂದ ವಿದೇಶಿ ಕಿವಿ ಹಣ್ಣು ತರುತ್ತಾರೆ. ನೂರು ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂ ಮೀರಿ ವಿಟಮಿನ್ ಸಿ ಉಂಟು. ಲಿಂಬೆರಸದಲ್ಲಿ 50ರ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು. ಅಂದರೆ ಮಧ್ಯಮ ಗಾತ್ರದ ಒಂದು ಪೇರಳೆಯಲ್ಲಿ ಆ ದಿನದ ಲೆಕ್ಕ ಮುಗಿಯಿತು. ಅದಕ್ಕೆ ಹುಳಿಯೂ ಕಡಿಮೆ, ಅಗಿಯುವಾಗ ಎಂಜಲೂ ಚೆನ್ನಾಗಿ ಬರುತ್ತದೆ. ಒಸಡಿಗೆ ಒಂದೇ ಒಂದು ಹಣ್ಣು ಹೇಳಿ ಎಂದರೆ ನಾನು ಹೇಳುವುದು ಪೇರಳೆ. ಬೀಜ ಹಲ್ಲಿನ ಸಂದಿಗೆ ಹೋಗುತ್ತದೆ ಎಂಬ ದೂರು ನನಗೂ ಗೊತ್ತು. ಅದಕ್ಕೇ ಫ್ಲಾಸ್ ಇರುವುದು.

ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ ಪೇರಳೆಗಿಂತಲೂ ಹೆಚ್ಚು, ಜತೆಗೆ ಟ್ಯಾನಿನ್. ಆದರೆ ಹುಳಿ ಜಾಸ್ತಿ. ಆದ್ದರಿಂದ ಹಸಿ ಕಾಯಿಯನ್ನು ಬಾಯಲ್ಲಿಟ್ಟು ಅರ್ಧ ಗಂಟೆ ಚೀಪುವ ಬದಲು ತಂಬುಳಿ ಮಾಡಿ. ನಮ್ಮ ಅತ್ತೆ ಮಾಡುವ ಕ್ರಮ ಹೀಗೆ: ಎರಡು ನೆಲ್ಲಿಕಾಯಿಯ ಬೀಜ ತೆಗೆದು, ಒಂದು ಹಿಡಿ ತೆಂಗಿನತುರಿ, ಅರ್ಧ ಚಮಚ ಜೀರಿಗೆ, ಒಂದು ಹಸಿಮೆಣಸು ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕುವುದು. ಕುದಿಸುವುದಿಲ್ಲ. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ, ನೀರಿಗೆ ಬಿಟ್ಟುಹೋಗುತ್ತದೆ, ತಂಬುಳಿಯಲ್ಲಿ ಎರಡೂ ತಾಪತ್ರಯ ಇಲ್ಲ. ಮೇಲಿಂದ ಮಜ್ಜಿಗೆಯ ಲಾಭ: ಅದು ಹುಳಿಯಾದರೂ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕ ಎನಾಮಲ್ ಕರಗದಂತೆ ತಡೆಯುತ್ತವೆ. ನಮ್ಮ ಹಿರಿಯರಿಗೆ ಈ ರಸಾಯನಶಾಸ್ತ್ರ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಗಂಜಿಗೆ ರುಚಿಯಾಗುತ್ತದೆ ಎಂದು ಮಾಡಿದರು, ಅದು ಹಲ್ಲಿಗೂ ಒದಗಿತು. ತಿಮರೆ ಅಂದರೆ ಒಂದೆಲಗ, ಪೇರಳೆಯ ಎಳೆ ಕುಡಿ, ಇವುಗಳ ತಂಬುಳಿಯೂ ಒಳ್ಳೆಯದೇ, ಎರಡರಲ್ಲೂ ಪಾಲಿಫಿನಾಲ್ ಎಂಬ ಆಂಟಿಆಕ್ಸಿಡೆಂಟ್‌ಗಳಿವೆ. ಕುಡಿಯನ್ನು ಮಾತ್ರ ತುಪ್ಪದಲ್ಲಿ ಸ್ವಲ್ಪ ಬಾಡಿಸಿಕೊಳ್ಳಬೇಕು, ಇಲ್ಲವಾದರೆ ಒಗರು.

ಹರಿವೆ, ನುಗ್ಗೆ ಸೊಪ್ಪಿನಲ್ಲಿ ಬೀಟಾ ಕ್ಯಾರೋಟಿನ್ ಉಂಟು, ಅದು ಕೊಬ್ಬಿನಲ್ಲಿ ಕರಗುವ ವಸ್ತು. ತೆಂಗಿನತುರಿ ಹಾಕಿ ಪಲ್ಯ ಮಾಡಿದರೆ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಸೊಪ್ಪನ್ನು ಹೆಚ್ಚಿ ತೊಳೆಯಬೇಡಿ, ತೊಳೆದು ಹೆಚ್ಚಿ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಟೊಮೆಟೊದ ಲೈಕೋಪಿನ್ ಎಂಬ ಆಂಟಿಆಕ್ಸಿಡೆಂಟ್ ಹಸಿಯದಕ್ಕಿಂತ ಎಣ್ಣೆಯಲ್ಲಿ ಬೇಯಿಸಿದ್ದರಲ್ಲಿ ಹೆಚ್ಚು ದಕ್ಕುತ್ತದೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಸಾಕು. ಸೆಲೆನಿಯಂ ಅದರಲ್ಲಿ ಉಂಟು, ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಕಿಣ್ವಕ್ಕೆ ಅದು ಬೇಕು. ಒಮೆಗಾ 3 ಕೊಬ್ಬು ಉರಿಯೂತಕ್ಕೆ ಒಳ್ಳೆಯದು. ಅಂಜಲ್ ಬೆಲೆ ಏರಿದರೆ ಒಸಡಿನ ದೃಷ್ಟಿಯಿಂದ ನಷ್ಟವೇನೂ ಇಲ್ಲ.

ಇದೆಲ್ಲ ತಿಂದು ಒಂದು ವಾರಕ್ಕೆ ಕನ್ನಡಿ ಮುಂದೆ ನಿಂತು ಬದಲಾವಣೆ ಹುಡುಕಬೇಡಿ. ಕೊರತೆ ಇದ್ದವರಿಗೆ ಗುಣ ಕಾಣುತ್ತದೆ. ಮೊದಲೇ ಸರಿಯಾಗಿ ಉಣ್ಣುವವರಿಗೆ ಇನ್ನಷ್ಟು ತಿಂದರೆ ಇನ್ನಷ್ಟು ಗುಣ ಎಂಬ ಲೆಕ್ಕ ಇಲ್ಲ.

ಹುಳಿಯನ್ನು ಹಲ್ಲಿನಿಂದ ದೂರ ಇಡುವುದು

ಪಿಎಚ್ ಎಂದರೆ ಹುಳಿಯ ಅಳತೆ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಲಿಂಬೆರಸದ್ದು 2ರಿಂದ 3ರ ನಡುವೆ. ಎಂಜಲು ಅದನ್ನು ಮತ್ತೆ ಮೇಲೆ ತರುತ್ತದೆ, ಆದರೆ ಅದಕ್ಕೆ ಸಮಯ ಬೇಕು. ನಾವು ಮಾಡಬೇಕಾದದ್ದು ಆ ಸಮಯ ಕೊಡುವುದು ಮಾತ್ರ.

ಬೇಸಗೆಯಲ್ಲಿ ಪುನರ್ಪುಳಿ ಶರಬತ್ತು ಕುಡಿಯುವುದಾದರೆ ಊಟದ ಜತೆ ಒಂದೇ ಸಲಕ್ಕೆ ಕುಡಿದು ಮುಗಿಸಿ. ಮಧ್ಯಾಹ್ನದಿಂದ ಸಂಜೆ ತನಕ ಬಾಟಲಿ ಪಕ್ಕದಲ್ಲಿಟ್ಟು ಗುಟುಕು ಗುಟುಕು ಕುಡಿದರೆ ಹಲ್ಲು ಇಡೀ ಹೊತ್ತು ಹುಳಿಯಲ್ಲಿ, ಸಕ್ಕರೆಯಲ್ಲಿ ನೆನೆಯುತ್ತದೆ. ಪುನರ್ಪುಳಿಯ ಆ ಚಂದದ ಕೆಂಪು ಆಂಥೋಸಯನಿನ್‌ನಿಂದ ಬಂದದ್ದು, ಸಿಪ್ಪೆಯಲ್ಲಿ ಗಾರ್ಸಿನಾಲ್ ಕೂಡ ಉಂಟು, ಎರಡೂ ಆಂಟಿಆಕ್ಸಿಡೆಂಟೇ. ಸಾರು ಮಾಡಿ ಅನ್ನಕ್ಕೆ ಕಲಸಿದರೆ ಇನ್ನೂ ಒಳ್ಳೆಯದು. ಹುಳಿ ಏನೇ ತಿಂದರೂ ಕುಡಿದರೂ ಆಮೇಲೆ ಬರೀ ನೀರಿನಿಂದ ಮುಕ್ಕಳಿಸಿ, ಬ್ರಶ್ ಮಾಡಲು ಕನಿಷ್ಠ ಅರ್ಧ ಗಂಟೆ ಬಿಡಿ. ಮೆತ್ತಗಾದ ಎನಾಮಲ್ ಮೇಲೆ ಕೂಡಲೇ ಬ್ರಶ್ ಆಡಿಸಿದರೆ ಅದು ಸವೆದೇ ಹೋಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಲಿಂಬೆನೀರು ಕುಡಿಯುವ ಪಂಗಡದವರು ಮೊದಲೇ ಹಲ್ಲುಜ್ಜಿಕೊಳ್ಳಿ.

ಚೀಪುವ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ ಇನ್ನೊಂದು ಉಪದ್ರ. ಅದು ಆಸ್ಕಾರ್ಬಿಕ್ ಆಮ್ಲ, ಹೆಸರಿನಲ್ಲೇ ಆಮ್ಲ ಉಂಟು. ಕೆನ್ನೆಯ ಒಂದೇ ಬದಿಗೆ ಇಟ್ಟು ದಿನಾ ಚೀಪುವವರ ಆ ಬದಿಯ ಹಲ್ಲುಗಳು ಸವೆಯುತ್ತವೆ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರೆ ನುಂಗುವಂಥದ್ದು ಕೊಡಿ ಎಂದು ಕೇಳಿ.

ಚಾ, ಎಂಜಲು, ಮಾವಿನೆಲೆ

ಗ್ರೀನ್ ಟೀಯಲ್ಲಿ ಕ್ಯಾಟೆಚಿನ್ ಎಂಬ ಪಾಲಿಫಿನಾಲ್ ಉಂಟು. ಅದು ಹುಳುಕು ತರುವ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಹಿಡಿತದಲ್ಲಿಡುತ್ತದೆ. ಸಕ್ಕರೆ ಹಾಕದೆ ಕುಡಿದರೆ ಒಳ್ಳೆಯದು, ಹಾಕಿದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗಾಯಿತು. ಹಲ್ಲಿಗೆ ಕಲೆ ಕೂರುವುದು ಮಾತ್ರ ಖಂಡಿತ. ನಮ್ಮ ಹಾಲು ಹಾಕಿದ ಖಡಕ್ ಚಾ ಬಗ್ಗೆ ನಾನು ಏನೂ ಹೇಳುವುದಿಲ್ಲ, ಕುಡಿಯಿರಿ, ಔಷಧಿ ಎಂದು ಹೆಸರಿಡಬೇಡಿ.

ಅಲರ್ಜಿಗೆ, ಖಿನ್ನತೆಗೆ, ಕೆಲವು ಬಗೆಯ ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಬಾಯಿ ಒಣಗುವುದುಂಟು. ಎಂಜಲು ಹೋದರೆ ಅದರೊಳಗಿನ ಕಾವಲೂ ಹೋದಂತೆ. ಆಗಾಗ ನೀರು ಕುಡಿಯಿರಿ, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯಿರಿ, ಮಾತ್ರೆ ಬದಲಿಸಬಹುದೋ ಎಂದು ಬರೆದುಕೊಟ್ಟವರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ಮಾವಿನೆಲೆಯಲ್ಲಿ ಹಲ್ಲುಜ್ಜುವ ಅಜ್ಜಂದಿರು ಈಗಲೂ ಇದ್ದಾರೆ. ಮಾವಿನೆಲೆಯಲ್ಲಿ ಮ್ಯಾಂಜಿಫೆರಿನ್ ಎಂಬ ಆಂಟಿಆಕ್ಸಿಡೆಂಟ್ ಇರುವುದು ನಿಜ. ಆದರೆ ಎಲೆ ಸಂದಿಗೆ ಹೋಗುವುದಿಲ್ಲ, ಅದರಲ್ಲಿ ಫ್ಲೋರೈಡೂ ಇಲ್ಲ. ಅಭ್ಯಾಸ ಬಿಡಲು ಮನಸ್ಸಿಲ್ಲದ ಅಜ್ಜಂದಿರಿಗೆ ನಾನು ಹೇಳುವುದು, ಬೆಳಿಗ್ಗೆ ಎಲೆ ಇರಲಿ, ರಾತ್ರಿ ಬ್ರಶ್ಶು ಪೇಸ್ಟು ಕಡ್ಡಾಯ. ಇದ್ದಿಲ ಪುಡಿ, ಉಮಿಯ ಕರಿ ಮಾತ್ರ ಬೇಡವೇ ಬೇಡ, ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಹಲ್ಲು ಬಿಳಿ ಮಾಡಿಸುವವರಿಗೆ

"ಮದುವೆಗೆ ಇನ್ನು ಹತ್ತು ದಿನ ಉಂಟು ಮೇಡಂ, ಹಲ್ಲು ಬಿಳಿ ಮಾಡಿ ಮುಂದಿನ ಹಲ್ಲಿಗೆ ಫಿಲ್ಲಿಂಗೂ ಮಾಡ್ಲಿಕ್ಕೆ ಆಗ್ತದಾ?" ಮದುಮಗಳ ಅಮ್ಮಂದಿರ ಈ ಪ್ರಶ್ನೆಗೆ ಉತ್ತರ ಆಂಟಿಆಕ್ಸಿಡೆಂಟ್‌ನಲ್ಲೇ ಉಂಟು.

ಬ್ಲೀಚಿಂಗ್ ಮಾಡುವುದು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕಾರ್ಬಮೈಡ್ ಪೆರಾಕ್ಸೈಡ್‌ನಿಂದ. ಕೆಲಸ ಮುಗಿದ ಮೇಲೂ ಹಲ್ಲಿನೊಳಗೆ ಆಮ್ಲಜನಕ ಉಳಿದಿರುತ್ತದೆ. ಹಲ್ಲಿನ ಬಣ್ಣದ ಫಿಲ್ಲಿಂಗ್ ಸಾಮಾನು ಗಟ್ಟಿಯಾಗಿ ಅಂಟಲು ಅದು ಬಿಡುವುದಿಲ್ಲ. ಸುಲಭದ ದಾರಿ ಕಾಯುವುದು, ಸಾಮಾನ್ಯವಾಗಿ ಎರಡು ವಾರ. ಕಾಯಲು ಆಗದಿದ್ದರೆ ನಾವು ಸುಮಾರು 10 ಶೇಕಡಾದ ಸೋಡಿಯಂ ಆಸ್ಕಾರ್ಬೇಟನ್ನು ಹಲ್ಲಿಗೆ ಹಚ್ಚಿ ಹತ್ತು ನಿಮಿಷದಷ್ಟು ಬಿಡುತ್ತೇವೆ. ಅದು ಉಳಿದ ಆಮ್ಲಜನಕವನ್ನು ಹಿಡಿದು ತೆಗೆಯುತ್ತದೆ. ಸೋಡಿಯಂ ಆಸ್ಕಾರ್ಬೇಟ್ ಎಂದರೆ ವಿಟಮಿನ್ ಸಿಯ ಲವಣ, ಹುಳಿ ಇಲ್ಲದ್ದು. ನೇರ ಹಲ್ಲಿಗೆ ಹಚ್ಚಬೇಕಾಗಿ ಬಂದಾಗ ನಾವು ಕೂಡ ಹುಳಿ ಕಳೆದ ರೂಪವನ್ನೇ ಹಚ್ಚುವುದು. ಇದನ್ನು ಮನೆಯಲ್ಲಿ ಮಾತ್ರೆ ಅರೆದು ಮಾಡಲು ಹೋಗಬೇಡಿ.

ನಿಮ್ಮ ಕಡೆಯಿಂದ ಆಗಬೇಕಾದದ್ದು ಇಷ್ಟು. ಮದುವೆಗೆ ಒಂದು ತಿಂಗಳು ಇರುವಾಗಲೇ ಬನ್ನಿ. ಮೊದಲು ಕ್ಲೀನಿಂಗ್, ಆಮೇಲೆ ಬ್ಲೀಚಿಂಗ್, ಬಣ್ಣ ನಿಂತ ಮೇಲೆ ಫಿಲ್ಲಿಂಗ್. ಹಳೆ ಫಿಲ್ಲಿಂಗ್ ಬ್ಲೀಚಿಂಗ್‌ಗೆ ಬಿಳಿಯಾಗುವುದಿಲ್ಲ, ಹಾಗಾಗಿ ಕ್ರಮ ತಪ್ಪಿಸಬಾರದು. ಮನೆಯಲ್ಲೇ ಟ್ರೇ ಇಟ್ಟು ಬ್ಲೀಚ್ ಮಾಡಿಕೊಂಡಿದ್ದರೆ ಬೇರೆ ಡಾಕ್ಟರ ಹತ್ತಿರ ಫಿಲ್ಲಿಂಗ್‌ಗೆ ಹೋದಾಗ ಮುಚ್ಚಿಡದೆ ಹೇಳಿ. ಬ್ಲೀಚಿಂಗ್ ಆದ ಎರಡು ದಿನ ಚಾ, ಅರಸಿನ ಹಾಕಿದ ಪದಾರ್ಥ, ಪುನರ್ಪುಳಿ ಬಿಡಿ.

ಅಡಿಕೆ ತಿನ್ನುವವರು ಇದನ್ನು ಓದಲೇಬೇಕು

ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಇದನ್ನು ಹೇಳುವುದು ಸುಲಭವಲ್ಲ. ನನ್ನ ತವರಿನಲ್ಲೂ ತೋಟ ಉಂಟು. ಆದರೂ ಹೇಳಬೇಕು: ತಂಬಾಕು ಸೇರದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಬಿಡಲಾಗದಂತಾಗುತ್ತದೆ. ಮೊದಲ ಸೂಚನೆ ಖಾರ ತಿಂದರೆ ಉರಿ. ಪರೀಕ್ಷೆ ಸುಲಭ: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಾಗುತ್ತದೋ ನೋಡಿ. ಎರಡೇ ಹೋಗುತ್ತದಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಈ ರೋಗಕ್ಕೆ ಲೈಕೋಪಿನ್ ಮುಂತಾದ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಕೊಡುತ್ತೇವೆ, ಬಾಯಿ ತೆರೆಯುವ ವ್ಯಾಯಾಮವನ್ನೂ ಕಲಿಸುತ್ತೇವೆ. ಉರಿ ಕಡಿಮೆಯಾಗುತ್ತದೆ, ಬಾಯಿ ಸ್ವಲ್ಪ ಬಿಡುತ್ತದೆ. ಆದರೆ ಕ್ಯಾಪ್ಸೂಲ್ ನುಂಗಿ ಅಂಗಡಿಯಲ್ಲಿ ಮತ್ತೆ ಬೀಡ ಹಾಕಿಸಿಕೊಂಡರೆ ದುಡ್ಡು ದಂಡ.

ಮಾತ್ರೆ ಯಾರಿಗೆ ಬೇಡ

ಆಹಾರದಲ್ಲಿ ಒಳ್ಳೆಯದಾದದ್ದು ಮಾತ್ರೆಯಲ್ಲೂ ಒಳ್ಳೆಯದೇ ಎಂದು ಹೇಳಲಾಗದು. ಫಿನ್‌ಲ್ಯಾಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಸೇರಿಸಿಕೊಂಡ ಪ್ರಯೋಗದಲ್ಲಿ ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಸೇದುವವರು ಹರಿವೆ ಪಲ್ಯ ತಿನ್ನಿ, ಬೀಟಾ ಕ್ಯಾರೋಟಿನ್ ಮಾತ್ರೆ ಮುಟ್ಟಬೇಡಿ. ಕಿಡ್ನಿ ಕಲ್ಲು ಆದವರು ಹೆಚ್ಚು ಪ್ರಮಾಣದ ವಿಟಮಿನ್ ಸಿ ತೆಗೆದುಕೊಳ್ಳಬಾರದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಇ ಮಾತ್ರೆ ಸ್ವಂತಕ್ಕೆ ಶುರು ಮಾಡಿ ಹಲ್ಲು ಕೀಳಿಸಲು ಬಂದರೆ ರಕ್ತ ನಿಲ್ಲಿಸುವುದು ಕಷ್ಟವಾಗುತ್ತದೆ. ಮನೆಯಲ್ಲಿ ಶುಗರ್ ನೋಡುವವರೂ ಗಮನಿಸಿ, ವಿಟಮಿನ್ ಸಿ ಜಾಸ್ತಿಯಾದರೆ ಕೆಲವು ಗ್ಲುಕೋಮೀಟರ್‌ಗಳು ತಪ್ಪು ಲೆಕ್ಕ ತೋರಿಸುತ್ತವೆ.

ಹಲ್ಲಿನ ಡಾಕ್ಟರ ಹತ್ತಿರ ಬರುವಾಗ ನುಂಗುವ ಎಲ್ಲ ಮಾತ್ರೆಯ ಚೀಟಿ ತನ್ನಿ, ಆಯುರ್ವೇದದ್ದೂ, ಆನ್‌ಲೈನ್‌ನಲ್ಲಿ ತರಿಸಿದ್ದೂ. ಡಬ್ಬಿಯನ್ನೇ ತಂದರೆ ಇನ್ನೂ ಸುಲಭ, ಹಿಂದೆ ಬರೆದದ್ದನ್ನು ನಾವೇ ಓದಿಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ ಇದ್ದವರು ಮೂರು ತಿಂಗಳ ಶುಗರ್ ರಿಪೋರ್ಟನ್ನೂ ಮರೆಯಬೇಡಿ. ಶುಗರ್ ಏರಿದ್ದರೆ ಒಸಡು ಗುಣವಾಗಲು ತಡವಾಗುತ್ತದೆ, ಒಸಡು ಹಾಳಾಗಿದ್ದರೆ ಶುಗರ್ ಇಳಿಯಲೂ ತಡ, ಹಾಗಾಗಿ ಚಿಕಿತ್ಸೆ ಎಲ್ಲಿಂದ ಶುರು ಮಾಡುವುದೆಂದು ಆ ಕಾಗದ ನೋಡಿಯೇ ನಿರ್ಧರಿಸುವುದು.